ಸೊಂಟದ ಮೂಳೆ ಸ್ವಲ್ಪ ಜಾರಿದೆ: ಆಪರೇಷನ್ ಬೇಕಾ? ನನ್ನದು, ಅಕ್ಕನದು

ನನ್ನದು ಎಲ್4-ಎಲ್5, ಅಂದರೆ ಸೊಂಟದ ಭಾಗದ ಬೆನ್ನುಮೂಳೆಯ ನಾಲ್ಕು ಮತ್ತು ಐದನೇ ಮಣಿಗಳ ನಡುವೆ, ಗ್ರೇಡ್ 1. ಮೂಳೆ ಮುಂದಕ್ಕೆ ಜಾರಿದ್ದು ಶೇ. 25ಕ್ಕಿಂತ ಕಡಿಮೆ. ಮೊದಲ ಡಾಕ್ಟರು ಎಕ್ಸ್‌ರೇ ನೋಡಿದ ಕೂಡಲೇ ಸ್ಕ್ರೂ, ರಾಡ್ ಮಾತೆತ್ತಿದರು. ಎರಡನೆಯವರು ನನ್ನನ್ನು ಹಿಮ್ಮಡಿ ಮೇಲೆ ನಡೆಸಿದರು, ತುದಿಗಾಲಲ್ಲಿ ನಿಲ್ಲಿಸಿದರು, ಕಾಲ್ಬೆರಳು ಒತ್ತಿ ಹಿಡಿದು "ಮೇಲೆತ್ತಿ" ಅಂದರು. ಮುಂದೆ ಬಗ್ಗಿಸಿ ಒಂದು, ಹಿಂದೆ ಬಾಗಿಸಿ ಒಂದು ಎಕ್ಸ್‌ರೇ ತೆಗೆಸಿದರು. ಮೂಳೆ ಅಲುಗಾಡುತ್ತಿರಲಿಲ್ಲ, ಕಾಲಿನ ಶಕ್ತಿಯೂ ಹೋಗಿರಲಿಲ್ಲ. ಮೂರು ತಿಂಗಳು ವ್ಯಾಯಾಮ ಮಾಡಿ ನೋಡೋಣ ಅಂದರು.

ಬೆಲ್ಟ್ ಬಸ್ ಪ್ರಯಾಣಕ್ಕೆ ಮಾತ್ರ ಅನುಕೂಲ ಆಯಿತು. ಇಂಜೆಕ್ಷನ್ ಹಾಕಿಸಿದ ಮೇಲೆ ಕಾಲಿಗೆ ಇಳಿಯುವ ಸೆಳೆತ ಸುಮಾರು ಆರು ವಾರ ಕಡಿಮೆಯಾಯಿತು, ಸೊಂಟನೋವು ಹಾಗೇ ಇತ್ತು. ಆದರೂ ಆ ಆರು ವಾರ ಸಿಕ್ಕಿದ್ದರಿಂದಲೇ ವ್ಯಾಯಾಮ ಶುರು ಮಾಡಲು ಆಯಿತು.

ನಿಜವಾಗಿ ಕೈಹಿಡಿದದ್ದು ವ್ಯಾಯಾಮವೇ. ಅಂಗಾತ ಮಲಗಿ ಸೊಂಟವನ್ನು ನೆಲಕ್ಕೆ ಒತ್ತುವುದು, ಮಂಡಿಯನ್ನು ಎದೆಗೆ ತರುವುದು, ಹೊಟ್ಟೆ ಬಿಗಿಹಿಡಿದು ಒಂದೊಂದೇ ಕಾಲು ಎತ್ತುವುದು. ಭುಜಂಗಾಸನ ಬಿಡಿಸಿದರು, ಹಿಂದಕ್ಕೆ ಬಾಗಿದಾಗ ನರದ ದಾರಿ ಇನ್ನೂ ಇಕ್ಕಟ್ಟಾಗುತ್ತದಂತೆ. ದೋಸೆ ಹುಯ್ಯುವಾಗ ನಾನು ಅಡುಗೆ ಕಟ್ಟೆಗೆ ಮೊಣಕೈ ಊರಿ ಬಗ್ಗಿ ನಿಲ್ಲುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ. ಮೂರನೇ ತಿಂಗಳು ಎಲ್ಲೂ ಕೂರದೆ ಮಾರ್ಕೆಟ್‌ಗೆ ಹೋಗಿ ಬಂದೆ. ವರ್ಷದ ನಂತರದ ಎಕ್ಸ್‌ರೇಯಲ್ಲಿ ಮೂಳೆ ಜಾರಿದಲ್ಲೇ ಇದೆ, ನೋವು ಮಾತ್ರ ಇಳಿದಿದೆ.

ಅಕ್ಕನದೂ ಗ್ರೇಡ್ 1. ಆದರೆ ಐದು ನಿಮಿಷ ನಡೆದರೆ ಎರಡೂ ಕಾಲು ಜೋಮು ಹಿಡಿಯುತ್ತಿತ್ತು. ಆರು ತಿಂಗಳು ಫಿಸಿಯೋಥೆರಪಿ ಮಾಡಿದಳು. ಒಂದು ದಿನ ಎಡಗಾಲಿನ ಚಪ್ಪಲಿ ಗೇಟಿನ ಹತ್ತಿರವೇ ಕಳಚಿ ಬಿದ್ದಿತ್ತು, ಅವಳು ಬರಿಗಾಲಲ್ಲಿ ಒಳಗೆ ಬಂದಿದ್ದಳು. ಗೊತ್ತೇ ಆಗಿರಲಿಲ್ಲ. ಪಾದ ಮೇಲೇಳುತ್ತಿರಲಿಲ್ಲ. ಇಂಥ ಹೊತ್ತಲ್ಲಿ ಕಾಯುವುದು ತಪ್ಪು ಅಂತಲೇ ನನಗನ್ನಿಸುತ್ತದೆ. ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಆಪರೇಷನ್ ಅಂದರೂ ಒಂದೇ ಬಗೆ ಅಲ್ಲ. ನರದ ಮೇಲಿನ ಒತ್ತಡ ತೆಗೆದು ಬಿಡುವುದು ಒಂದು, ಜೊತೆಗೆ ಸ್ಕ್ರೂ ಹಾಕಿ ಮೂಳೆ ಕೂಡಿಸುವುದು ಇನ್ನೊಂದು. ವಯಸ್ಸಿನಿಂದ ಜಾರಿದವರಲ್ಲಿ ಒತ್ತಡ ತೆಗೆಯುವುದಷ್ಟೇ ಮಾಡಿದರೂ ಎರಡು ವರ್ಷದ ಫಲ ಕಡಿಮೆಯೇನಲ್ಲ ಅಂತ 2021ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನ ತೋರಿಸಿತು. ಅಕ್ಕನ ಮೂಳೆ ಬಗ್ಗಿದಾಗ ಅಲುಗಾಡುತ್ತಿತ್ತು, ಹಾಗಾಗಿ ಕೂಡಿಸಿದರು. ಮೂರು ತಿಂಗಳು ಒಂದು ಬಿಂದಿಗೆಯನ್ನೂ ಎತ್ತಲಿಲ್ಲ. ಸೊಂಟ ಇನ್ನೂ ಬಿಗಿ ಅನ್ನುತ್ತಾಳೆ. ಜೋಮು ಹೋಗಿದೆ, ಚಪ್ಪಲಿ ಕಾಲಲ್ಲೇ ನಿಲ್ಲುತ್ತದೆ.