ವಿದೇಶಕ್ಕೆ ಪಾರ್ಸೆಲ್: ಯಾವುದು ಅಂಚೆಗೆ, ಯಾವುದು ಕೊರಿಯರ್‌ಗೆ?

ವಿದೇಶಕ್ಕೆ ಪಾರ್ಸೆಲ್ ಅಂದ ತಕ್ಷಣ ಎಲ್ಲರೂ ಹೋಲಿಸುವುದು ಖರ್ಚು ಮತ್ತು ದಿನ. ಅಂಚೆ, ಕೊರಿಯರ್ ಎರಡರಲ್ಲೂ ಕಳಿಸಿ ನೋಡಿದ ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ. ಡಬ್ಬಿಯೊಳಗಿನ ವಸ್ತುವನ್ನು ಯಾರು ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ಮೊದಲು ನೋಡಬೇಕು.

ಪುಸ್ತಕ, ಬಟ್ಟೆ ಆದರೆ ಅಂಚೆಯೇ ಸಾಕು. ತೊಡಕು ಶುರುವಾಗುವುದು ಬ್ಯಾಟರಿಯಿಂದ. ಫೋನಿನೊಳಗೇ ಇರುವ ಲಿಥಿಯಂ ಬ್ಯಾಟರಿಯನ್ನು ಹಲವು ದೇಶಗಳ ಅಂಚೆ ಒಪ್ಪುತ್ತದೆ. ನಾನು ಕಳಿಸಿದ ಫೋನ್ ಸಲೀಸಾಗಿ ಹೋಯಿತು. ಆದರೆ ಪವರ್ ಬ್ಯಾಂಕ್ ಬಿಡಿ ಬ್ಯಾಟರಿಯ ಲೆಕ್ಕಕ್ಕೆ ಬರುತ್ತದೆ, ಅಂಚೆಯಲ್ಲಿ ಅದಕ್ಕೆ ಜಾಗವಿಲ್ಲ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವುದು 2016ರ ಏಪ್ರಿಲ್‌ನಿಂದ ನಿಂತಿದೆ. ಬೆಂಕಿ ಹತ್ತಿದರೆ ಆರಿಸುವುದು ಬಹಳ ಕಷ್ಟ, ಅಲ್ವಾ? ಅಂಚೆ ಚೀಲಗಳು ಹೆಚ್ಚಾಗಿ ಹೋಗುವುದು ಅದೇ ವಿಮಾನಗಳಲ್ಲಿ. ಕೆಲವು ಕೊರಿಯರ್ ಕಂಪನಿಗಳ ಬಳಿ ತಮ್ಮದೇ ಸರಕು ವಿಮಾನಗಳಿವೆ. ಹಾಗಾಗಿ ಅವರು ಸರಿಯಾದ ಪ್ಯಾಕಿಂಗ್, ಲೇಬಲ್, ಅಪಾಯಕಾರಿ ಸರಕಿನ ಕಾಗದಪತ್ರ ಇದ್ದರೆ ತೆಗೆದುಕೊಳ್ಳಬಲ್ಲರು. ವ್ಯಾಪಾರಿಗಳಿಗೆ ಅದು ಸರಿ. ಉಡುಗೊರೆಯಾಗಿ ಒಂದೇ ಒಂದು ಕಳಿಸುವವರಿಗೆ ಅಷ್ಟು ಓಡಾಟ ಬೇಡ, ಅಲ್ಲೇ ಕೊಳ್ಳಲು ಹೇಳುವುದು ವಾಸಿ.

ಸೆಂಟ್ ಬಾಟಲಿಯದೂ ಇದೇ ಕಥೆ. ಅದರಲ್ಲಿರುವ ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುವ ದ್ರವ. ಉಗುರು ಬಣ್ಣ, ಸ್ಪ್ರೇ ಡಬ್ಬಿ, ಲೈಟರ್ ಕೂಡ ಇದೇ ಗುಂಪಿಗೆ ಸೇರುತ್ತವೆ.

ಹಾಗಂತ ಕೊರಿಯರ್ ಎಲ್ಲವನ್ನೂ ಒಯ್ಯುತ್ತದೆ ಅಂದುಕೊಳ್ಳಬೇಡಿ. ನನಗೆ ತುಂಬಾ ಇಷ್ಟವಾದ ವಿಷಯ ಇದು: 1874ರಲ್ಲಿ ಶುರುವಾದ ವಿಶ್ವ ಅಂಚೆ ಒಕ್ಕೂಟದ ನಿಯಮಗಳು ಜೀವಂತ ಪ್ರಾಣಿಗಳನ್ನು ಬೇಡ ಅನ್ನುತ್ತವೆ, ಆದರೆ ಜೇನುಹುಳು, ಜಿಗಣೆ, ರೇಷ್ಮೆಹುಳುಗಳಿಗೆ ವಿನಾಯಿತಿ ಕೊಡುತ್ತವೆ. ದೊಡ್ಡ ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ ಜೀವಿಗಳನ್ನೂ ನಗದನ್ನೂ ಮುಟ್ಟುವುದಿಲ್ಲ.

ಕಸ್ಟಮ್ಸ್ ಕಾಗದದಲ್ಲಿ ಅಂಚೆ ಸುಲಭ. ಚಿಕ್ಕ ಪಾಕೀಟಿಗೆ ಸಿಎನ್ 22 ಅನ್ನುವ ಫಾರಂ, ದೊಡ್ಡದಕ್ಕೆ ಸಿಎನ್ 23, ಅಷ್ಟೇ. ಕೊರಿಯರ್‌ಗೆ ಇನ್‌ವಾಯ್ಸ್ ಬೇಕು. ಎರಡರಲ್ಲೂ ಸುಮ್ನೆ ‘ಉಡುಗೊರೆ’ ಅಂತ ಬರೆದರೆ ಸಾಲದು. ‘ಹತ್ತಿಯ ಶರ್ಟ್, 2’ ಅಂತ ಬಿಡಿಸಿ ಬರೆಯಿರಿ. ಕೊರಿಯರ್‌ನವರು ಕಸ್ಟಮ್ಸ್ ಕೆಲಸ ಬೇಗ ಮುಗಿಸುತ್ತಾರೆ. ಆದರೆ ಸುಂಕವನ್ನು ಮೊದಲು ತಾವೇ ಕಟ್ಟಿ, ಆಮೇಲೆ ಸೇವಾ ಶುಲ್ಕ ಸೇರಿಸಿ ಪಾರ್ಸೆಲ್ ಪಡೆಯುವವರಿಂದ ವಸೂಲಿ ಮಾಡುವುದು ಸಾಮಾನ್ಯ. ಅವರಿಗೆ ಇದನ್ನು ಮೊದಲೇ ತಿಳಿಸಿಬಿಡಿ. ಉಡುಗೊರೆಗೆ ದುಡ್ಡು ಕಟ್ಟಿ ಅಂತ ಬಾಗಿಲಲ್ಲಿ ಕೇಳಿಸಿಕೊಂಡರೆ ಯಾರಿಗಾದರೂ ಬೇಸರವಾಗುತ್ತದೆ.

ಇನ್ನು ಕೆಲವು ವಸ್ತುಗಳಲ್ಲಿ ಎರಡರ ನಡುವೆ ಏನೂ ವ್ಯತ್ಯಾಸವಿಲ್ಲ, ಯಾಕೆಂದರೆ ಮಾತು ನಡೆಯುವುದು ತಲುಪುವ ದೇಶದ್ದು. ಬೀಜ, ಗಿಡಗಳಿಗೆ ಬಹಳ ದೇಶಗಳು ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತವೆ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಬರುವ ಖಾಸಗಿ ಪಾರ್ಸೆಲ್‌ಗಳಲ್ಲಿ ಮಾಂಸ, ಹಾಲಿನ ಪದಾರ್ಥಗಳಿಗೆ ಹೆಚ್ಚುಕಮ್ಮಿ ಪೂರ್ತಿ ತಡೆ. ದಂತ, ಕಡಲಾಮೆಯ ಚಿಪ್ಪಿನ ವಸ್ತುಗಳ ಮೇಲೆ 1975ರಿಂದ ಜಾರಿಯಲ್ಲಿರುವ ಸೈಟಿಸ್ ಅನ್ನುವ, ಅಳಿವಿನಂಚಿನ ಪ್ರಾಣಿ-ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಕಣ್ಣಿದೆ. ಔಷಧಿಯಲ್ಲಂತೂ ಒಂದು ದೇಶದ ಮಾಮೂಲಿ ಮಾತ್ರೆ ಇನ್ನೊಂದರಲ್ಲಿ ನಿಯಂತ್ರಿತ ಪದಾರ್ಥ ಆಗಿರಬಹುದು. ಕೌಂಟರಿನಲ್ಲಿ ತೆಗೆದುಕೊಂಡರು ಅಂದ ಮಾತ್ರಕ್ಕೆ ಆ ಕಡೆಯ ಕಸ್ಟಮ್ಸ್ ಬಿಡುತ್ತದೆ ಅಂತಲ್ಲ. ಇಂಥ ಡಬ್ಬಿ ಕಟ್ಟುವ ಮೊದಲು ಆ ದೇಶದ ಕಸ್ಟಮ್ಸ್ ಪಟ್ಟಿಯನ್ನೇ ತೆರೆದು ನೋಡಿ.