ರೇನಿಯರ್‌ನ ಲಾಟರಿ, ಶಾಸ್ತಾದ ಲಕೋಟೆ

ವಾಷಿಂಗ್ಟನ್ ರಾಜ್ಯದ ರೇನಿಯರ್ 14,410 ಅಡಿ, ಕ್ಯಾಲಿಫೋರ್ನಿಯಾದ ಶಾಸ್ತಾ 14,179 ಅಡಿ. ಎರಡೂ ಕ್ಯಾಸ್ಕೇಡ್ ಸಾಲಿನ ಜ್ವಾಲಾಮುಖಿಗಳು, ಎರಡರ ಮೇಲೂ ಬೇಸಿಗೆಯಲ್ಲೂ ಹಿಮ ಇರುತ್ತದೆ. ಎತ್ತರದಲ್ಲಿ ಇರುವುದು ಇನ್ನೂರ ಚಿಲ್ಲರೆ ಅಡಿ ವ್ಯತ್ಯಾಸ. ಹತ್ತಲು ಬೇಕಾದ ಕಾಗದಪತ್ರದಲ್ಲಿ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ರೇನಿಯರ್ ಇರುವುದು ರಾಷ್ಟ್ರೀಯ ಉದ್ಯಾನದೊಳಗೆ, ಶಾಸ್ತಾ ಇರುವುದು ಅರಣ್ಯ ಇಲಾಖೆಯ ಕೈಯಲ್ಲಿ. ಉಳಿದ ವ್ಯತ್ಯಾಸಗಳೆಲ್ಲ ಅಲ್ಲಿಂದಲೇ ಹುಟ್ಟಿದವು.

ರೇನಿಯರ್‌ನಲ್ಲಿ 10,000 ಅಡಿ ದಾಟಬೇಕಿದ್ದರೆ, ಅಥವಾ ಹಿಮನದಿಯ ಮೇಲೆ ಕಾಲಿಡಬೇಕಿದ್ದರೆ ಎರಡು ಬೇರೆ ಬೇರೆ ವಸ್ತು ಬೇಕು. ಒಂದು, ವರ್ಷಕ್ಕೊಮ್ಮೆ ತಲೆಗಿಷ್ಟು ಅಂತ ಕಟ್ಟುವ ಆರೋಹಣ ಶುಲ್ಕ. ಇನ್ನೊಂದು, ಯಾವ ರಾತ್ರಿ ಯಾವ ಕ್ಯಾಂಪಿನಲ್ಲಿ ಮಲಗುತ್ತೀರಿ ಎಂದು ಬರೆದಿರುವ ಪರ್ಮಿಟ್. ಮೊದಲ ಸಲ ನಾನು ಶುಲ್ಕ ಕಟ್ಟಿ, ಕೆಲಸ ಮುಗಿಯಿತು ಎಂದು ಹಾಯಾಗಿ ಕೂತಿದ್ದೆ. ಪರ್ಮಿಟ್ ಬೇರೆ ಇದೆ ಅಂತ ಗೊತ್ತಾಗುವ ಹೊತ್ತಿಗೆ ಜುಲೈ ವಾರಾಂತ್ಯಗಳೆಲ್ಲ ಭರ್ತಿಯಾಗಿದ್ದವು.

ಮುಂದಿನ ವರ್ಷ ಬುದ್ಧಿ ಬಂತು. ಚಳಿಗಾಲ ಮುಗಿಯುವ ಮೊದಲೇ ಆನ್‌ಲೈನ್ ಲಾಟರಿಗೆ ಹೆಸರು ಹಾಕಿದೆ. ಇಲ್ಲಿ ಹಲವರು ಎಡವುತ್ತಾರೆ: ಲಾಟರಿ ಗೆದ್ದರೆ ಪರ್ಮಿಟ್ ಸಿಗುವುದಿಲ್ಲ, ಉಳಿದವರಿಗಿಂತ ಮೊದಲು ಬುಕ್ ಮಾಡುವ ಸಮಯ ಸಿಗುತ್ತದೆ, ಅಷ್ಟೇ. ಹಂಚುವ ಜಾಗದಲ್ಲಿ ಒಂದು ಪಾಲನ್ನು ಮುಂಗಡ ಬುಕಿಂಗ್‌ಗೆ ಕೊಡದೆ, ನೇರವಾಗಿ ಬಂದವರಿಗೆಂದೇ ಉಳಿಸಿಕೊಳ್ಳುತ್ತಾರೆ. ವಾರದ ನಡುವೆ ಬೆಳಗಿನ ಜಾವವೇ ಹೋಗಿ ರೇಂಜರ್ ಕಚೇರಿ ಮುಂದೆ ಕಾಯಲು ತಯಾರಿದ್ದವರಿಗೆ ನನ್ನ ಸಲಹೆ ಅದೇ.

ರೇಂಜರ್ ಮೇಜಿನ ಮುಂದೆ ನಿಂತಾಗ ಅದು ಬರೀ ಕಾಗದ ಪಡೆಯುವ ಕೆಲಸ ಅನ್ನಿಸಲಿಲ್ಲ. ಹಗ್ಗ ಎಷ್ಟು ಉದ್ದ? ಬಿರುಕಿಗೆ ಬಿದ್ದವರನ್ನು ಎಳೆಯಲು ಅಭ್ಯಾಸ ಇದೆಯಾ? ನಿಮ್ಮಲ್ಲಿ ಹಿಂದೆ ಹತ್ತಿದವರು ಯಾರು? ಆ ಐದು ನಿಮಿಷದಲ್ಲಿ ನಮ್ಮ ಮೂವರ ತಯಾರಿಯ ತೂತುಗಳು ನಮಗೇ ಕಂಡವು. ಒಂಟಿಯಾಗಿ ಮೇಲಿನ ಕ್ಯಾಂಪ್ ದಾಟಬೇಕಾದರೆ ಉದ್ಯಾನದ ಮುಖ್ಯಸ್ಥರ ಲಿಖಿತ ಅನುಮತಿ ಬೇಕು. ಮೊದಲು ಇದು ಅತಿಯಾಯಿತು ಅನ್ನಿಸಿತ್ತು. ಇಂಗ್ರಹಾಂ ಹಿಮನದಿಯ ಬಿರುಕುಗಳ ಮೇಲೆ ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಹೆಜ್ಜೆ ಇಟ್ಟ ಮೇಲೆ ಅನ್ನಿಸಲಿಲ್ಲ. 1981ರಲ್ಲಿ ಆ ಹಿಮನದಿಯ ಮೇಲೆ ಮಂಜುಗಡ್ಡೆ ಕುಸಿದು 11 ಜನ ಸತ್ತಿದ್ದಾರೆ.

ಆದರೆ ಈ ವ್ಯವಸ್ಥೆಯ ನಿಜವಾದ ತೊಂದರೆ ಹಣವೂ ಅಲ್ಲ, ಸಾಲೂ ಅಲ್ಲ. ತಾರೀಖು. ತಿಂಗಳುಗಟ್ಟಲೆ ಮೊದಲೇ ಆರಿಸಿದ ದಿನಕ್ಕೆ ಬೆಟ್ಟ ಒಪ್ಪಬೇಕಲ್ಲ! ಮ್ಯೂರ್ ಕ್ಯಾಂಪಿನಲ್ಲಿ ಆ ರಾತ್ರಿ ಗಾಳಿ ಟೆಂಟನ್ನು ಹಾಸಿಗೆಗೆ ಒತ್ತುತ್ತಿತ್ತು. ಆದರೂ ಒಂದು ಗಂಟೆಗೆ ಎದ್ದು ಹಗ್ಗ ಕಟ್ಟಿಕೊಂಡೆವು, ಯಾಕೆಂದರೆ ‘ಇನ್ನೊಂದು ಪರ್ಮಿಟ್ ಯಾವಾಗಲೋ’. ಡಿಸಪಾಯಿಂಟ್‌ಮೆಂಟ್ ಕ್ಲೀವರ್ ಎಂಬ ಬಂಡೆಯ ಏಣಿನ ಬುಡದವರೆಗೆ ಹೋಗಿ ಮರಳಿದೆವು. ಹೆಸರು ಇಟ್ಟವರಿಗೆ ನಮ್ಮ ವಿಷಯ ಗೊತ್ತಿತ್ತೇನೋ.

ಶಾಸ್ತಾದಲ್ಲಿ ಈ ಒತ್ತಡವೇ ಇಲ್ಲ. 6,950 ಅಡಿಯಲ್ಲಿ, ಹತ್ತುವ ದಾರಿ ಶುರುವಾಗುವ ಬನ್ನಿ ಫ್ಲ್ಯಾಟ್ ಎಂಬ ಜಾಗದಲ್ಲಿ ಪೆಟ್ಟಿಗೆಯೊಂದು ಇರುತ್ತದೆ. ಅದರಲ್ಲಿನ ಫಾರ್ಮ್ ನೀವೇ ತುಂಬಿ, ಪ್ರತಿ ಇಟ್ಟುಕೊಂಡರೆ ಅರಣ್ಯದ ಪರ್ಮಿಟ್ ಆಯಿತು, ಉಚಿತ. 10,000 ಅಡಿ ದಾಟುವವರು ಮಾತ್ರ ಶಿಖರದ ಪಾಸ್ ಕೊಳ್ಳಬೇಕು. ನಾನು ಹೋದಾಗ ಮೂರು ದಿನಕ್ಕೆ 25 ಡಾಲರ್ ಲಕೋಟೆಯಲ್ಲಿ ಹಾಕಿದ್ದೆ. ರಾತ್ರಿಗಿಷ್ಟೇ ಜನ ಎಂಬ ಮಿತಿ ಇಲ್ಲ. ಹೊರಡುವ ಮೊದಲು ಮುನ್ಸೂಚನೆ ಕೆಟ್ಟಿತು. ಜೊತೆಗಾರನಿಗೆ ಒಂದು ಫೋನ್ ಮಾಡಿ ಮುಂದಿನ ವಾರಕ್ಕೆ ತಳ್ಳಿದೆ. ಶಾಸ್ತಾದ ಅತಿ ದೊಡ್ಡ ಗುಣ ಇದು, ಮತ್ತು ನನ್ನ ಮಟ್ಟಿಗೆ ಶಿಖರ ಸಿಕ್ಕಿದ್ದಕ್ಕೆ ಮುಖ್ಯ ಕಾರಣವೂ ಇದೇ.

ಇನ್ನೊಂದು ಮುಖವೂ ಇದೆ. ಯಾರೂ ಏನೂ ಕೇಳುವುದಿಲ್ಲ. ಬಾಡಿಗೆಗೆ ತಂದ ಕ್ರ್ಯಾಂಪಾನ್‌ನ (ಮಂಜಿನಲ್ಲಿ ಜಾರದಂತೆ ಬೂಟಿನಡಿ ಕಟ್ಟುವ ಲೋಹದ ಮುಳ್ಳುಗಳು) ಚೀಟಿ ಕೂಡ ಬಿಚ್ಚದೆ, ಓಟದ ಬೂಟಿಗೆ ಕಟ್ಟಲು ಒದ್ದಾಡುತ್ತಿದ್ದ ಒಬ್ಬನನ್ನು ಹೆಲೆನ್ ಲೇಕ್ ಎಂಬ ಕ್ಯಾಂಪಿನ ಹತ್ತಿರ ಕಂಡೆ. ನಗು ಬಂತು, ಆದರೆ ನಾನೇನು ಕಮ್ಮಿ? ಅವಲಾಂಚ್ ಗಲ್ಚ್ ದಾರಿಯಲ್ಲಿ ಬಿರುಕುಗಳಿಲ್ಲ, ಹಾಗಾಗಿ ನಿದ್ದೆ ಮುಗಿಸಿ ತಡವಾಗಿ ಹೊರಟಿದ್ದೆ. ರೆಡ್ ಬ್ಯಾಂಕ್ಸ್ ಬಂಡೆಗಳ ಮೇಲೆ ಬಿಸಿಲು ಬಿದ್ದ ಮೇಲೆ ಮಂಜು ಸಡಿಲಿಸಿ, ಕಲ್ಲುಗಳು ಸುಯ್ಯೆಂದು ಇಳಿಯತೊಡಗಿದವು. ಒಂದು ಹೆಲ್ಮೆಟ್ಟಿನ ಪಕ್ಕದಲ್ಲೇ ಹೋಯಿತು. ‘ಎಷ್ಟು ಗಂಟೆಗೆ ಹೊರಡುತ್ತೀರಿ’ ಎಂದು ಮೇಜಿನ ಆಚೆಯಿಂದ ಯಾರಾದರೂ ಕೇಳಿದ್ದರೆ ನಾಚಿಕೆಗಾದರೂ ಬೇಗ ಎದ್ದಿರುತ್ತಿದ್ದೆ. ಹಿಮಕುಸಿತದ ಎಚ್ಚರಿಕೆ ಕೊಡುವ ಕೇಂದ್ರದವರು ದಾರಿಯ ಸ್ಥಿತಿಗತಿ ಪ್ರಕಟಿಸುತ್ತಾರೆ, ಆದರೆ ಅದನ್ನು ಓದಿದಿರಾ ಎಂದು ವಿಚಾರಿಸುವವರಿಲ್ಲ.

ಮಲದ ವಿಷಯ ಹೇಳದೆ ಈ ಹೋಲಿಕೆ ಪೂರ್ತಿಯಾಗದು. ಎರಡೂ ಕಡೆ ನಿಮ್ಮದನ್ನು ನೀವೇ ಹೊತ್ತು ಇಳಿಸಬೇಕು. ರೇನಿಯರ್‌ನಲ್ಲಿ ನೀಲಿ ಚೀಲ ಕೊಡುತ್ತಾರೆ, ಮ್ಯೂರ್ ಕ್ಯಾಂಪಿನಲ್ಲಿ ಶೌಚಾಲಯವೂ ಇದೆ. ಶಾಸ್ತಾದ ಚೀಲದ ಜೊತೆ ಗುರಿಹಲಗೆಯ ವೃತ್ತಗಳನ್ನು ಅಚ್ಚು ಹಾಕಿದ ಕಾಗದ ಬರುತ್ತದೆ. ಗಾಳಿಯಲ್ಲಿ ಅದನ್ನು ಹಿಡಿದಿಟ್ಟು ಗುರಿ ಮುಟ್ಟುವುದು ಶಿಖರ ಮುಟ್ಟುವುದಕ್ಕಿಂತ ಕಷ್ಟ.

ಹಗ್ಗದ ಅಭ್ಯಾಸ ಇಲ್ಲದವರಿಗೆ ಇವೆರಡಕ್ಕೂ ಮೊದಲು ವಾಷಿಂಗ್ಟನ್ ರಾಜ್ಯದ್ದೇ ಆದ ಆ್ಯಡಮ್ಸ್ ಬೆಟ್ಟ ಇದೆ. 12,276 ಅಡಿ, ದಕ್ಷಿಣದ ದಾರಿ. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ 7,000 ಅಡಿ ದಾಟುವವರಿಗೆ ಪಾಸ್ ಬೇಕು, ಆನ್‌ಲೈನಲ್ಲೇ ಸಿಗುತ್ತದೆ. ಪೈಕರ್ಸ್ ಪೀಕ್ ಎಂಬ ಸುಳ್ಳು ಶಿಖರದಲ್ಲಿ ಕುಣಿದಾಡಿ, ತಲೆ ಎತ್ತಿದರೆ ನಿಜವಾದ ಶಿಖರ ಇನ್ನೂ ದೂರ ಕಾಣುತ್ತದೆ. ಅಷ್ಟು ಬಿಟ್ಟರೆ ದೂರಿಲ್ಲ.

ಈ ಸಲ ಲಾಟರಿಗೆ ಮತ್ತೆ ಹೆಸರು ಹಾಕಿದ್ದೇನೆ, ಸೋಮವಾರ ರಾತ್ರಿಗಳನ್ನೇ ಆರಿಸುವ ಯೋಚನೆ. ಜೂನ್‌ನ ಮೂರು ವಾರಾಂತ್ಯಗಳನ್ನು ಮಾತ್ರ ಏನೂ ಬುಕ್ ಮಾಡದೆ ಶಾಸ್ತಾಕ್ಕೆಂದು ಖಾಲಿ ಬಿಟ್ಟಿದ್ದೇನೆ. ಅಲಾರಂ ಈಗಲೇ ರಾತ್ರಿ ಹನ್ನೆರಡೂವರೆಗೆ ಇಟ್ಟಾಗಿದೆ.