ಪುಡಿ ಬೀಸುವ ಹೊತ್ತು: ಚಿಕ್ಕಮಗಳೂರಿನ ಒಂದು ಕಾಫಿಪುಡಿ ಅಂಗಡಿ

ಚಿಕ್ಕಮಗಳೂರು ಪೇಟೆಯ ಈ ಪುಟ್ಟ ಅಂಗಡಿಗೆ ನಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ. ಇಲ್ಲಿ ಪುಡಿಯನ್ನು ಮೊದಲೇ ಪೊಟ್ಟಣ ಕಟ್ಟಿ ಇಡುವುದಿಲ್ಲ. ಗಿರಾಕಿ ಕೇಳಿದ ಮೇಲೆಯೇ ಹುರಿದ ಬೀಜವನ್ನು ತೂಗಿ, ಎದುರಿನಲ್ಲೇ ಬೀಸಿ, ಚಿಕೋರಿ ಬೇಕೆಂದವರಿಗೆ ಅದನ್ನು ಬೇರೆಯಾಗಿ ತೂಗಿ ಬೆರೆಸಿ ಕೊಡುತ್ತಾರೆ. ಹಾಗಾಗಿ ಹತ್ತು ನಿಮಿಷ ನಿಲ್ಲಲೇಬೇಕು. ಮೊದಮೊದಲು ಆ ಹೊತ್ತನ್ನು ಮೊಬೈಲ್ ನೋಡುತ್ತ ಕಳೆಯುತ್ತಿದ್ದ ನಾನು ಈಗ ಅದನ್ನು ಜೇಬಿನಿಂದ ತೆಗೆಯುವುದೇ ಇಲ್ಲ. ಯಂತ್ರದ ಬಾಯಿಂದ ಪುಡಿ ಇಳಿಯುವಾಗ ಏಳುವ ಘಮ, ಅಂಚಿನಲ್ಲಿ ಉಳಿದ ಪುಡಿಯನ್ನೂ ಬಿಡದೆ ಅಂಗಡಿಯವರು ಸಣ್ಣ ಕುಂಚದಿಂದ ಗುಡಿಸಿ ಪೊಟ್ಟಣಕ್ಕೆ ಸೇರಿಸುವ ಬಗೆ, ಪೊಟ್ಟಣ ಕೈಗೆ ಬಂದಾಗ ಅಂಗೈಗೆ ತಾಗುವ ಹದವಾದ ಬಿಸಿ, ಇವನ್ನು ಗಮನಿಸುತ್ತ ನಿಲ್ಲುವುದು ನನಗೆ ನಿಜವಾದ ಸಂತೋಷ.

17ನೇ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ನಮ್ಮ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿಯಿದೆ. ನನ್ನ ಮನಸ್ಸು ಮಾತ್ರ ಚಳಿಗಾಲದ ಬೆಳಗಿನಲ್ಲಿ ಹಣ್ಣು ಬಿಡಿಸುವ ಕೈಗಳನ್ನೇ ಹೆಚ್ಚು ನೆನೆಯುತ್ತದೆ. ಅವರ ದುಡಿಮೆಯ ಋಣ ನನ್ನ ಪ್ರತಿ ಲೋಟದಲ್ಲೂ ಇದೆ.

ನಾನು ಕೊಳ್ಳುವುದು 80 ಪಾಲು ಕಾಫಿ, 20 ಪಾಲು ಚಿಕೋರಿ; ಡಿಕಾಕ್ಷನ್ ಗಟ್ಟಿಯಾಗಿ ಇಳಿಯುತ್ತದೆ, ಹಾಲು ಬೆರೆಸಿದರೂ ರುಚಿ ಸೋಲುವುದಿಲ್ಲ. ಒಮ್ಮೆ ಮಾತ್ರ ಬೀಜ ತುಸು ಹೆಚ್ಚು ಹುರಿದು ಕಹಿ ಮುಂದಾಗಿತ್ತು. ಹೇಳಿದಾಗ ಬೇಸರಿಸದೆ ಬೇರೆ ಪುಡಿ ಕೊಟ್ಟರು. ರಜಾದಿನಗಳಲ್ಲಿ ಪ್ರವಾಸಿಗರ ದಟ್ಟಣೆಯಿರುವುದರಿಂದ ವಾರದ ನಡುವೆ, ಬೆಳಿಗ್ಗೆ ಹೋಗುವುದು ಒಳ್ಳೆಯದು.